ನಾಲ್ಕನೇ ಮೂಲೆಯ ಐದು

"ಹರಿದಾಸರು ಬದುಕಿದ್ದಾರೆ ಅಂತ ನಿಮಗೆ ಮೊದಲೇ ಗೊತ್ತಿತ್ತು," ಅಂದೆ.

ಶ್ರೀಕಾಂತ್ ಮೇಜಿನ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದ. ಕುಡಿಯದೆ ಮತ್ತೆ ಮುಚ್ಚಿದ. ಚೆನ್ನೈನ ಶೋಳಿಂಗನಲ್ಲೂರಿನ ಆ ಗಾಜಿನ ಕಟ್ಟಡದಲ್ಲಿ ಎ.ಸಿ. ಎಷ್ಟು ಜೋರಾಗಿತ್ತೆಂದರೆ ನಾನು ಸೆರಗು ಹೊದ್ದುಕೊಂಡು ಕೂತಿದ್ದೆ. ಆದರೂ ಅವನ ಹಣೆಯ ಮೇಲೆ ಬೆವರಿತ್ತು.

ಪ್ರವಾಹಕ್ಕೆ ವೇಲಚೇರಿ ಮುಳುಗಿದ ಆ ದಿನ ಹಾಲು ತರುತ್ತೇನೆಂದು ಹೋದ ಹರಿದಾಸರು ಇನ್ನೂ ಮನೆಗೆ ಬಂದಿಲ್ಲ. ನೀರಿಳಿದ ಮೇಲೆ ಕೆರೆಯ ದಂಡೆಯಲ್ಲಿ ಗುರುತು ಸಿಗದ ಒಂದು ದೇಹ ಸಿಕ್ಕಿತು. ಅವರ ಅಣ್ಣ ಕಿಟ್ಟಣ್ಣ ನೋಡಿ ನಮ್ಮವನದೇ ಅಂದರು. ಹೆಂಡತಿ, ನನ್ನ ಗೆಳತಿ ಲೀಲಮ್ಮ, ಅಲ್ಲವೇ ಅಲ್ಲ ಅಂದರು. ಯಾರಿಗೂ ಸೇರದ ಆ ದೇಹವನ್ನು ಕಾರ್ಪೊರೇಷನ್ನಿನವರು ಸುಟ್ಟರು. ಈಗ ಕಿಟ್ಟಣ್ಣ ನಾಳೆ ಬೆಳಿಗ್ಗೆ ದರ್ಭೆಯಲ್ಲಿ ತಮ್ಮನ ಪ್ರತಿಕೃತಿ ಮಾಡಿ ಸಂಸ್ಕಾರ ಮುಗಿಸುವುದೆಂದು ಗೊತ್ತು ಮಾಡಿದ್ದರು. ಅದು ಮುಗಿದರೆ ಲೀಲಮ್ಮನ ಹಣೆಯ ಕುಂಕುಮವೂ ಹೋದಂತೆ. ಹರಿದಾಸರು ಬದುಕಿದ್ದಾರೆಂದು ತೋರಿಸಲು ನನಗೆ ಉಳಿದಿದ್ದದ್ದು ಇವತ್ತೊಂದು ದಿನ.

ನನ್ನ ಹತ್ತಿರ ಇದ್ದ ಒಂದೇ ಆಸರೆ ಶ್ರೀಕಾಂತನ ಆ್ಯಪ್. ಅದರ ಹೆಸರು "ಒಂಬತ್ತು ಮನೆ". ದಿನಕ್ಕೊಂದು ಸುಡೊಕು ಬರುತ್ತದೆ. ಭಾನುವಾರದ್ದನ್ನು ಮಾತ್ರ ಹರಿದಾಸರು ಕೈಯಲ್ಲೇ ಹೆಣೆದು ಕೊಡುತ್ತಿದ್ದರು, ಉಳಿದದ್ದು ಕಂಪ್ಯೂಟರಿನದು. ಅವರು ಕಾಣೆಯಾದ ಮೇಲೂ, ಒಂದು ವಾರ ಬಿಟ್ಟರೆ, ಭಾನುವಾರದ ಚೌಕದ ಕೆಳಗೆ "ರಚನೆ: ಹರಿ" ಅಂತ ಬರುತ್ತಲೇ ಇತ್ತು. ಅಡ್ಯಾರಿನ ನನ್ನ ಮನೆಯ ಬಾಲ್ಕನಿಯಲ್ಲಿ ಕೂತು ಅದನ್ನು ನೋಡಿದವಳೇ ಓಡಿಹೋಗಿ ಲೀಲಮ್ಮನಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಸಂತೋಷಕ್ಕೆ ಬಾಯಿ ಕಟ್ಟಿರಬೇಕು ಅಂದುಕೊಂಡೆ. ನಾನು ಇಷ್ಟು ವರ್ಷ ವಿಮಾ ಕಂಪನಿಯಲ್ಲಿ ಸತ್ತವರು ನಿಜವಾಗಿ ಸತ್ತಿದ್ದಾರೆಯೇ ಅಂತ ವಿಚಾರಿಸಿಕೊಂಡು ಬಂದವಳು. ಅಷ್ಟಾದರೂ ಬುದ್ಧಿ ಇರಬೇಡವೇ ನನಗೆ?

"ಹಳೇ ಸ್ಟಾಕ್ ಅಂತ ಸುಳ್ಳು ಹೇಳಬೇಡಿ," ಅಂದೆ. "ಹರಿದಾಸರು ಒಂದರ ಮೇಲೊಂದು ಕೂಡಿಡುವವರಲ್ಲ."

ಶ್ರೀಕಾಂತ್ ಕೊನೆಗೂ ಬಾಯಿ ಬಿಟ್ಟ. ಹಾಸನದ ಹುಡುಗ, ಕೆಟ್ಟವನಲ್ಲ, ಪುಕ್ಕಲ. ಪ್ರವಾಹ ಕಳೆದ ಮೇಲೆ ಹರಿದಾಸರ ಐಡಿಯಿಂದಲೇ ವಾರಕ್ಕೊಂದು ಸುಡೊಕು ಬರತೊಡಗಿತಂತೆ. ಜೊತೆಗೆ ಒಂದು ಮಾತೂ ಇರುತ್ತಿರಲಿಲ್ಲವಂತೆ. ಕಾಣೆಯಾಗುವ ಮುಂಚೆ ಇಬ್ಬರಿಗೂ ಜಗಳವಾಗಿತ್ತು. ಅಂಕಿಗಳು ಕಡಿಮೆ ಇದ್ದರೆ "ಕಠಿಣ", ಜಾಸ್ತಿ ಇದ್ದರೆ "ಸುಲಭ" ಅಂತ ಆ್ಯಪಿನಲ್ಲಿ ಹಾಕುತ್ತಿದ್ದರು. ಅದು ಶುದ್ಧ ತಪ್ಪು, ಬಿಡಿಸಲು ಎಂಥ ಯುಕ್ತಿ ಬೇಕು ಎಂಬುದರ ಮೇಲೆ ಕಷ್ಟ ಅಳೆಯಬೇಕು ಅಂತ ಹರಿದಾಸರು ಕೂಗಾಡಿದ್ದರು. ಆ ಸಿಟ್ಟಿಗೆ ಮನೆಯವರಿಂದಲೂ ದೂರವಾಗಿ ಎಲ್ಲೋ ಇದ್ದಾರೆ, ತಾನು ಕೇಳಿದರೆ ಕಳಿಸುವುದನ್ನೂ ನಿಲ್ಲಿಸಿಬಿಟ್ಟಾರು ಅಂತ ಇವನು ಸುಮ್ಮನಿದ್ದನಂತೆ. ಜನ ಭಾನುವಾರಕ್ಕಾಗಿಯೇ ಆ್ಯಪ್ ಇಟ್ಟುಕೊಂಡಿದ್ದರಲ್ಲ.

"ಅವರ ಹೆಂಡತಿಗಾದರೂ ಒಂದು ಫೋನ್ ಮಾಡಬೇಕು ಅನ್ನಿಸಲಿಲ್ಲವೇ?" ಅಂದೆ.

"ಅನ್ನಿಸ್ತು ಮೇಡಂ. ದಿನಾ ಅನ್ನಿಸ್ತು," ಅಂದ. ತಲೆ ತಗ್ಗಿಸಿದ.

ಬೈಯುವುದಿತ್ತು, ಬೈಯಲಿಲ್ಲ. ಬಂದ ಸುಡೊಕುಗಳನ್ನೆಲ್ಲ ಪ್ರಿಂಟ್ ತೆಗೆದುಕೊಡಿ ಅಂದೆ. ಕೊಡುತ್ತಾ ಅವನು ಇನ್ನೊಂದು ವಿಷಯ ಹೇಳಿದ. ಸಾರ್‌ಗೆ ವಯಸ್ಸಾಯಿತು ಅನ್ನಿಸುತ್ತೆ ಮೇಡಂ, ಇದರಲ್ಲಿ ಕೆಲವಕ್ಕೆ ಒಂದಕ್ಕಿಂತ ಹೆಚ್ಚು ಉತ್ತರ ಬರುತ್ತಿದೆ ಅಂತ ಜನ ದೂರು ಕೊಟ್ಟಿದ್ದಾರೆ ಅಂದ.

ನನ್ನ ಸಂತೋಷ ಅಲ್ಲೇ ಅರ್ಧ ಇಳಿಯಿತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹಾಳೆಗಳನ್ನು ತೊಡೆಯ ಮೇಲಿಟ್ಟು ಪೆನ್ಸಿಲ್ ತೆಗೆದೆ. ಸುಡೊಕುವಿಗೆ ಒಂದೇ ಉತ್ತರ ಇರಬೇಕು, ಅದು ಮಾಡುವವನು ಬಿಡಿಸುವವನಿಗೆ ಕೊಡುವ ಮಾತು. ಹರಿದಾಸರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಜೀವಮಾನ ಕಳೆದವರು. ಅವರ ಕೈಯಿಂದ ಎರಡು ಉತ್ತರದ ಚೌಕ ಬರುವುದೆಂದರೆ ಒಂದೇ ಹಳಿಗೆ ಎರಡು ಗಾಡಿ ಬಿಟ್ಟ ಹಾಗೆ.

ದೂರು ಬಂದಿದ್ದ ಮೊದಲನೆಯದನ್ನೇ ಹಿಡಿದೆ. ಶುರುವೇನೋ ಸಲೀಸಾಗಿತ್ತು. ನಡುವೆ ಒಂದು ಎಕ್ಸ್-ವಿಂಗ್ ಸಿಕ್ಕಿತು. ಎರಡು ಸಾಲುಗಳಲ್ಲಿ ಏಳು ಕೂರುವುದಕ್ಕೆ ಅವೇ ಎರಡು ಕಂಬಗಳು ಉಳಿದಿದ್ದವು, ಹಾಗಾಗಿ ಆ ಕಂಬಗಳ ಉಳಿದ ಮನೆಗಳಿಂದ ಏಳನ್ನು ಹೊಡೆದು ಹಾಕಿದೆ. ಅದು ಹರಿದಾಸರ ಮೆಚ್ಚಿನ ಪಟ್ಟು. ಇದು ಅವರ ಕೈಯೇ ಅನ್ನಿಸಿತು. ಆಮೇಲೆ ನಿಂತುಬಿಟ್ಟೆ.

ನಾಲ್ಕನೇ ಸಾಲು ಮತ್ತು ಆರನೇ ಸಾಲಿನಲ್ಲಿ ಖಾಲಿ ಉಳಿದ ಮನೆಗಳಲ್ಲಿ ನಾಲ್ಕು, ಒಂದು ಆಯತದ ನಾಲ್ಕು ಮೂಲೆಗಳಂತೆ ನಿಂತಿದ್ದವು. ಮೂರು ಮೂಲೆಗಳಲ್ಲಿ ಮೂರು ಅಥವಾ ಎಂಟು ಮಾತ್ರ ಬರಬಹುದು. ನಾಲ್ಕನೆಯ ಮೂಲೆಯಲ್ಲಿ ಮೂರು, ಎಂಟು, ಜೊತೆಗೆ ಐದು. ಇಲ್ಲೊಂದು ಜಾಣ ಯುಕ್ತಿಯಿದೆ. ನಾಲ್ಕೂ ಮೂಲೆಗಳಲ್ಲಿ ಮೂರು, ಎಂಟೇ ಕೂತರೆ ಅವನ್ನು ಅದಲು ಬದಲು ಮಾಡಬಹುದು, ಆಗ ಎರಡು ಉತ್ತರ ಬಂದಂತಾಗುತ್ತದೆ. ಉತ್ತರ ಒಂದೇ ಎಂದು ಮಾತು ಕೊಟ್ಟಿರುವುದರಿಂದ ನಾಲ್ಕನೆಯ ಮೂಲೆಯಲ್ಲಿ ಐದೇ ಇರಬೇಕು. ಕಣ್ಣು ಮುಚ್ಚಿ ಐದು ಬರೆದರೆ ಉಳಿದದ್ದು ಸರಸರ ಬಿಚ್ಚಿಕೊಳ್ಳುತ್ತದೆ.

ಈ ಯುಕ್ತಿಯನ್ನು ಕಂಡರೆ ಹರಿದಾಸರಿಗೆ ಆಗುತ್ತಿರಲಿಲ್ಲ. ಒಮ್ಮೆ ಅವರ ಮನೆಯಲ್ಲಿ ನಾನು ಹೀಗೇ ಬಿಡಿಸಿದಾಗ ಉಗಿದಿದ್ದರು. "ಹಳಿ ಖಾಲಿ ಇರುತ್ತೆ ಅಂತ ನಂಬಿ ಸಿಗ್ನಲ್ ಕೊಡೋಕಾಗುತ್ತೇನಮ್ಮಾ? ಖಾಲಿ ಇದೆ ಅಂತ ನೋಡಿ ಕೊಡಬೇಕು," ಅಂದಿದ್ದರು. ಅದಕ್ಕೇ ತಮ್ಮ ಚೌಕಗಳಲ್ಲಿ ಇಂಥ ಆಯತ ಕಂಡರೆ ಒಂದು ಮೂಲೆಗೆ ತಾವೇ ಅಂಕಿ ಬರೆದು ಆ ದಾರಿ ಮುಚ್ಚಿಬಿಡುತ್ತಿದ್ದರು. ಬೀಗ ಹಾಕಿದೆ ಅನ್ನುತ್ತಿದ್ದರು.

ಇಲ್ಲಿ ಬೀಗ ಇರಲಿಲ್ಲ. ನಾಲ್ಕನೆಯ ಮೂಲೆಗೆ ಐದರ ಬದಲು ಮೂರು ಹಾಕಿ ನೋಡಿದೆ. ಕೂತಿತು. ಎಂಟು ಹಾಕಿದೆ. ಅದೂ ಕೂತಿತು. ದೂರು ಕೊಟ್ಟವರ ಮಾತು ನಿಜ.

ತಪ್ಪು ಹೇಗಾಯಿತು ಎಂಬುದು ಪೆರುಂಗುಡಿ ದಾಟುವಾಗ ಹೊಳೆಯಿತು. ಇದನ್ನು ಮಾಡಿದವರು ತಮ್ಮ ಚೌಕವನ್ನು ತಾವೇ ಬಿಡಿಸಿ ಪರೀಕ್ಷೆ ಮಾಡಿದ್ದಾರೆ. ಉತ್ತರ ಒಂದೇ ಎಂದು ನಂಬಿಕೊಂಡೇ ಬಿಡಿಸಿದ್ದಾರೆ. ನಂಬಿಕೊಂಡು ಬಿಡಿಸಿದವರಿಗೆ ಒಂದೇ ಉತ್ತರ ಸಿಗದೆ ಇನ್ನೇನು ಸಿಗುತ್ತದೆ? ಇಂಥ ತಪ್ಪು ಹರಿದಾಸರಿಂದ ಆಗುವುದು ಸಾಧ್ಯವೇ ಇಲ್ಲ. ಆ ಯುಕ್ತಿಯನ್ನು ಉಸಿರಿನಷ್ಟು ನಂಬುವವರಿಂದ ಮಾತ್ರ ಸಾಧ್ಯ.

ಹಾಗಾದರೆ ಇದು ಹರಿದಾಸರಲ್ಲ. ಅವರು ಬದುಕಿದ್ದಾರೆ ಅನ್ನುವುದಕ್ಕೆ ನನ್ನ ಹತ್ತಿರ ಇದ್ದ ಒಂದೇ ಸಾಕ್ಷಿ ಹೋಯಿತು. ಇದನ್ನು ಆ ಹೆಂಗಸಿಗೆ ಹೇಗೆ ಹೇಳುವುದು ಅಂತ ಸಂಕಟವಾಯಿತು. ಬಸ್ಸು ಇನ್ನೂ ನಿಧಾನ ಹೋದರೆ ಸಾಕು ಅನ್ನಿಸಿತು.

ವೇಲಚೇರಿಯ ಆ ಫ್ಲ್ಯಾಟಿನ ಮೆಟ್ಟಿಲ ಗೋಡೆಯ ಮೇಲೆ ಪ್ರವಾಹದ ನೀರು ನಿಂತ ಗೆರೆ ಇನ್ನೂ ಇತ್ತು. ಬಾಗಿಲು ತೆರೆದಿತ್ತು. ಹಜಾರದಲ್ಲಿ ಕಿಟ್ಟಣ್ಣ ಚಾಪೆಯ ಮೇಲೆ ಕೂತು ದರ್ಭೆ ಬಿಡಿಸಿಡುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಅಚ್ಚುಕಟ್ಟು ಮನುಷ್ಯ. ನನ್ನನ್ನು ನೋಡಿ, ಬನ್ನಿ ವಿಮಲಾ, ಇನ್ನು ಸುತ್ತಾಡುವುದು ಸಾಕು, ಲೀಲಾಳ ಮನಸ್ಸಿಗೂ ಶಾಂತಿ ಬೇಕಲ್ಲ ಅಂದರು. ಎಲ್ಲಿಗೆ ಹೋಗಿದ್ದಿರಿ, ಏನು ತಿಳಿಯಿತು ಅಂತ ಕೇಳಲಿಲ್ಲ.

ಲೀಲಮ್ಮ ಅಡುಗೆಮನೆಯಲ್ಲಿದ್ದರು. ಒಲೆ ಪಕ್ಕದ ಕಪ್ಪು ಕಡಪ ಕಲ್ಲಿನ ಮೇಲೆ ದಿನಾ ಬೆಳಿಗ್ಗೆ ಹರಿದಾಸರು ಸೀಮೆಸುಣ್ಣದಲ್ಲಿ ಒಂದು ಚೌಕ ಬರೆಯುತ್ತಿದ್ದರು. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಲೀಲಮ್ಮ ನಿಂತುಕೊಂಡೇ ಬಿಡಿಸಬೇಕು. ಸುಲಭದ್ದಕ್ಕೆ ಅವರ ಮನೆಯಲ್ಲಿ ಮೊದಲನೇ ಡಿಕಾಕ್ಷನ್ ಅಂತ ಹೆಸರು. ಮತ್ತೆ ನೀರು ಹಾಕಿ ಕಾಯಬೇಕಾದದ್ದು ಎರಡನೇ ಡಿಕಾಕ್ಷನ್. ಅದಕ್ಕೂ ಮೇಲಿನದು ಆರಿದ ಕಾಫಿ. ಬಿಡಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು, ಕಲ್ಲು ನಾಳೆಗೆ ತಯಾರು. ನನಗಾಗಿ ಯಾರೂ ಯಾವ ಕಲ್ಲಿನ ಮೇಲೂ ಏನನ್ನೂ ಬರೆದವರಲ್ಲ. ಅಸೂಯೆ ಇತ್ತು, ಸುಳ್ಳು ಯಾಕೆ ಹೇಳಲಿ.

ಈಗ ಆ ಕಲ್ಲಿನ ಮೇಲೆ ಒಂದು ಚೌಕವಿತ್ತು. ಲೀಲಮ್ಮ ಸೀಮೆಸುಣ್ಣ ಹಿಡಿದು ಬಗ್ಗಿ ನಿಂತಿದ್ದರು. ಪತ್ರಿಕೆಯಲ್ಲಿ ಬಂದದ್ದು, ಸುಮ್ಮನೆ ಕೂರಲಾಗಲಿಲ್ಲ ಅಂದರು. ಅವರ ಕೈ ಮೂರು ಮೂಲೆಗಳನ್ನು ಮುಟ್ಟಿತು, ನಾಲ್ಕನೆಯ ಮೂಲೆಗೆ ಹೋಯಿತು, ಅರೆಕ್ಷಣವೂ ನಿಲ್ಲದೆ ಅಂಕಿ ಬರೆಯಿತು.

ನಾನು ಬಾಗಿಲಲ್ಲೇ ನಿಂತೆ. ಹಾಳೆಗಳು ಕೈಯಲ್ಲಿ ಭಾರವಾದವು.

"ಲೀಲಮ್ಮ, ಅದನ್ನು ಹೇಗೆ ಬರೆದಿರಿ?" ಅಂದೆ.

"ಹೇಗೆ ಅಂದ್ರೆ? ಉತ್ತರ ಒಂದೇ ತಾನೆ ಇರೋದು. ಇವರು ಎಷ್ಟು ಬೈದ್ರೂ ನಂಗೆ ಈ ದಾರೀನೇ ಪಿಡಿಕ್ಕುಂ, ಇದೇ ಇಷ್ಟ," ಅಂದರು. ಗಂಡನ ಮಾತು ಬಂದಾಗ ಅವರ ಬಾಯಿಗೆ ತಮಿಳು ತಾನಾಗಿ ಬರುತ್ತದೆ. ಹುಟ್ಟಿ ಬೆಳೆದದ್ದು ಇಲ್ಲೇ ಅಲ್ಲವೇ.

ನಾನು ಹಾಳೆಗಳನ್ನು ಕಲ್ಲಿನ ಮೇಲಿಟ್ಟೆ. ಮೇಲಿನದು ಅವರ ಕಣ್ಣಿಗೆ ಬಿತ್ತು. ಸೀಮೆಸುಣ್ಣ ಕೆಳಗಿಟ್ಟರು.

"ಇವನ್ನು ಕಳಿಸಿದ್ದು ನೀವು," ಅಂದೆ.

ಇಲ್ಲ ಅನ್ನಲಿ ಅಂತ ನಾನು ದೇವರನ್ನು ಬೇಡುತ್ತಿದ್ದೆ. ಅವರು ಗ್ಯಾಸ್ ಆರಿಸಿದರು. ಹಜಾರದ ಕಡೆ ಒಮ್ಮೆ ನೋಡಿ ಬಾಗಿಲು ಮುಂದೆ ಮಾಡಿದರು.

"ನಿಮ್ಮ ಹತ್ರ ಹೇಳ್ಬೇಕು ಅಂತಾನೇ ಇದ್ದೆ," ಅಂದರು. "ನೀವು ಬಂದು ಇವರು ಬದುಕಿದಾರೆ ಅಂದಾಗ ನಿಮ್ಮ ಮುಖ ನೋಡಿ ಹೇಳೋಕಾಗ್ಲಿಲ್ಲ. ನಿಮ್ಮ ಮುಖದಲ್ಲಿ ಅದು ನಿಜದ ಥರ ಇತ್ತು. ನಂಗೂ ಸ್ವಲ್ಪ ಹೊತ್ತು ನಿಜ ಅನ್ನಿಸಿಬಿಡ್ತು."

ಆಮೇಲೆ ಮೆಲ್ಲಗೆ ಎಲ್ಲ ಹೇಳಿದರು. ಹರಿದಾಸರ ಟ್ಯಾಬ್ ಮನೆಯಲ್ಲೇ ಇತ್ತು. ಅವರು ಹೋದ ಮೊದಲ ಭಾನುವಾರ ಆ್ಯಪ್ ತೆರೆದರೆ ಅವರ ಚೌಕವಿಲ್ಲ. ಕೆಳಗೆ ಜನ ಕೇಳುತ್ತಿದ್ದರಂತೆ, ಹರಿ ಸಾರ್ ಎಲ್ಲಿ, ಹುಷಾರಾಗಿದ್ದಾರಾ ಅಂತ. ಅಷ್ಟು ವರ್ಷ ಅವರು ಬರೆದದ್ದನ್ನು ನೋಡಿ ನೋಡಿ ಲೀಲಮ್ಮನ ಕೈಗೂ ಬಂದಿತ್ತು. ಒಂದು ಹೆಣೆದು ಅವರ ಹೆಸರಲ್ಲೇ ಕಳಿಸಿದರು. ಮುಂದಿನ ಭಾನುವಾರ ಯಾರೋ ಕೊಯಮತ್ತೂರಿನವರು, ನಮಸ್ಕಾರ ಸಾರ್, ನೀವು ಬಂದದ್ದು ನೋಡಿ ನೆಮ್ಮದಿಯಾಯಿತು ಅಂತ ಬರೆದಿದ್ದರು.

"ಇಲ್ಲಿ ಎಲ್ರೂ ಇವರ ಬಗ್ಗೆ ‘ಇದ್ದ, ಇದ್ದ’ ಅಂತಾರೆ ವಿಮಲಾ. ಅಲ್ಲಿ ಮಾತ್ರ ಇವರು ಇನ್ನೂ ಇದ್ದಾರೆ," ಅಂದರು. "ಬೆಳಿಗ್ಗೆ ಎದ್ದು ಈ ಕಲ್ಲು ಖಾಲಿ ಇರೋದು ನೋಡೋಕೆ ನನ್ನಿಂದ ಆಗಲ್ಲ."

ಸುಳ್ಳು ಸಾಕ್ಷಿ ಸೃಷ್ಟಿಸಿದ ಎಷ್ಟೋ ಜನರನ್ನು ಹಿಡಿದುಕೊಟ್ಟಿದ್ದೇನೆ. ಇವರನ್ನು ಹಾಗೆ ಹಿಡಿದುಕೊಡಲು ಮನಸ್ಸಾಗಲಿಲ್ಲ. ಅವರ ಚೌಕದ ತಪ್ಪನ್ನು ಹೇಳದೆ ಬಿಡಬಹುದಿತ್ತು. ಆದರೆ ಲೀಲಮ್ಮನೇ ಕೇಳಿದರು, ನನ್ನದು ಅಂತ ಹೇಗೆ ಗೊತ್ತಾಯಿತು ಅಂತ. ಆಯತ ತೋರಿಸಿದೆ. ಮೂರು ಹಾಕಿದರೂ ಬರುತ್ತದೆ, ಎಂಟು ಹಾಕಿದರೂ ಬರುತ್ತದೆ ಅಂದೆ. ಅವರು ತುಂಬಾ ಹೊತ್ತು ನೋಡಿದರು.

"ಅಯ್ಯೋ, ಇವರ ಹೆಸರು ಕೆಡಿಸಿಬಿಟ್ನಲ್ಲ," ಅಂದರು. ಅಳು ಬಂದದ್ದು ಅದಕ್ಕೆ. ಇಷ್ಟು ದಿನ ನನ್ನೆದುರು ಅಳದವರು ಒಂದು ಐದಕ್ಕಾಗಿ ಅತ್ತರು.

ನಾನು ಅವರ ಬೆನ್ನು ಸವರುತ್ತಾ ನಿಂತೆ. ಹಜಾರದಲ್ಲಿ ಕಿಟ್ಟಣ್ಣ ಪುರೋಹಿತರ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸುತ್ತಿತ್ತು. ನಾಳೆ ಬೇಗ ಬಂದುಬಿಡಿ ಅನ್ನುತ್ತಿದ್ದರು. ನಾನು ಇನ್ನು ಯಾವ ಬಾಯಿಂದ ತಡೆಯಲಿ? ಸಂಸ್ಕಾರ ನಡೆಯುತ್ತದೆ, ಲೀಲಮ್ಮ ಅದರ ಮುಂದೆ ಕೂರುತ್ತಾರೆ, ನಾನು ಅಡ್ಯಾರಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಇಷ್ಟೇ ಉಳಿದದ್ದು ಅಂದುಕೊಂಡೆ.

ಲೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹಾಳೆಗಳನ್ನು ಒಂದೊಂದಾಗಿ ತಿರುಗಿಸತೊಡಗಿದರು. ಇನ್ನೆಷ್ಟರಲ್ಲಿ ತಪ್ಪಿದೆಯೋ ಅಂತ ಹುಡುಕುತ್ತಿದ್ದರು. ಕೊನೆಯ ಹಾಳೆಗೆ ಬಂದು ನಿಂತರು. ಮೊದಲನೆಯದನ್ನು ಎಳೆದು ಅದರ ಪಕ್ಕ ಇಟ್ಟರು.

"ಇದನ್ನ ನಾನು ಕಳಿಸಿಲ್ಲ. ಹೋದ ವಾರ ಈ ಸಂಸ್ಕಾರದ ಗಲಾಟೇಲಿ ಟ್ಯಾಬ್ ಮುಟ್ಟೇ ಇಲ್ಲ."

ಹೋದ ಭಾನುವಾರದ್ದು. ನಾನು ಅದನ್ನು ಬಸ್ಸಿನಲ್ಲಿ ಬಿಡಿಸಿರಲಿಲ್ಲ. ಅದರ ಮೇಲೆ ದೂರಿರಲಿಲ್ಲವಲ್ಲ. ಬಗ್ಗಿ ನೋಡಿದೆ. ಎರಡೂ ಒಂದೇ ಚೌಕ. ಅದೇ ಜಾಗದಲ್ಲಿ ಅವೇ ಅಂಕಿಗಳು. ಒಂದೇ ವ್ಯತ್ಯಾಸ, ಆರನೇ ಸಾಲಿನಲ್ಲಿ, ಆಯತದ ನಾಲ್ಕನೆಯ ಮೂಲೆಯಲ್ಲಿ, ಅಚ್ಚಾಗಿ ಒಂದು ಐದು ಕೂತಿತ್ತು.

ಬೀಗ.

ಲೀಲಮ್ಮನ ಬೆರಳು ಆ ಐದರ ಮೇಲಿತ್ತು. "ನನ್ನ ತಪ್ಪು ತಿದ್ದಿದಾರೆ," ಅಂದರು.

ದುಡುಕಬೇಡಿ ಅಂದೆ. ದೂರು ಬಂದ ಮೇಲೆ ಶ್ರೀಕಾಂತನ ಕಂಪ್ಯೂಟರೂ ಅಲ್ಲಿ ಒಂದು ಐದು ತುಂಬಿರಬಹುದು. ಇನ್ನೊಮ್ಮೆ ಆಸೆ ಹುಟ್ಟಿಸಿ ಇನ್ನೊಮ್ಮೆ ಕಿತ್ತುಕೊಳ್ಳುವ ಧೈರ್ಯ ನನಗಿರಲಿಲ್ಲ. ಅಲ್ಲೇ ನಿಂತು ಶ್ರೀಕಾಂತನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

ಅವನು ಏನನ್ನೂ ತಿದ್ದಿರಲಿಲ್ಲ. ಆ ಒಂದು ಮಾತ್ರ ಬೇರೆ ಐಡಿಯಿಂದ ಬಂದಿತ್ತಂತೆ. ಪಾಸ್‌ವರ್ಡ್ ಮರೆತು ಹೊಸದು ಮಾಡಿಕೊಂಡಿದ್ದಾರೆ, ತಪ್ಪು ತಿದ್ದಿ ಮತ್ತೆ ಕಳಿಸಿದ್ದಾರೆ ಅಂತ ಹಾಕಿಬಿಟ್ಟನಂತೆ.

"ಜೊತೆಗೆ ಏನಾದರೂ ಬರೆದಿದ್ದರೇ?" ಅಂದೆ.

"ಲೆವೆಲ್ ಹಾಕೋ ಜಾಗದಲ್ಲಿ ಏನೋ ತಮಾಷೆ ಬರೆದಿದ್ರು ಮೇಡಂ. ನಾನು ‘ಸುಲಭ’ ಅಂತ ಬದಲಾಯಿಸ್ದೆ. ಒಂದ್ನಿಮಿಷ, ನೋಡಿ ಹೇಳ್ತೀನಿ."

ಲೀಲಮ್ಮ ಕಲ್ಲಿನ ಅಂಚು ಹಿಡಿದುಕೊಂಡರು.

"ಹಾಂ ಮೇಡಂ. ‘ಮೊದಲನೇ ಡಿಕಾಕ್ಷನ್’ ಅಂತಿದೆ."

ನಾನು ಫೋನ್ ಇಟ್ಟೆ. ಈ ಲೋಕದಲ್ಲಿ ಯಾವ ಕಂಪ್ಯೂಟರೂ ಸುಡೊಕುವನ್ನು ಹಾಗೆ ಅಳೆಯುವುದಿಲ್ಲ. ಹರಿದಾಸರು ಎಲ್ಲೋ ಕೂತು ತಮ್ಮ ಹೆಸರಿನಲ್ಲಿ ಬಂದದ್ದನ್ನು ನೋಡಿದ್ದಾರೆ. ಹೆಣೆದ ಕೈ ಯಾವುದೆಂದು ಗುರುತು ಹಿಡಿದಿದ್ದಾರೆ. ತಪ್ಪನ್ನು ಹಾಗೇ ಬಿಡಲಾಗದೆ ತಿದ್ದಿದ್ದಾರೆ. ಹೋದ ಭಾನುವಾರದವರೆಗೂ ಬದುಕಿದ್ದಾರೆ. ಯಾಕೆ ಬರುತ್ತಿಲ್ಲ ಎಂಬುದನ್ನು ಆಮೇಲೆ ನೋಡಿಕೊಳ್ಳಬಹುದು ಅಂದುಕೊಂಡೆ. ನನಗೂ ಕಣ್ಣು ಮಂಜಾಗಿತ್ತು.

ಲೀಲಮ್ಮ ಆಗಲೇ ಬಾಗಿಲು ತಳ್ಳಿಕೊಂಡು ಹಜಾರಕ್ಕೆ ಹೋಗಿದ್ದರು. ಕೈಯಲ್ಲಿ ಆ ಹಾಳೆಯಿತ್ತು. ನಾನು ಹಿಂದೆಯೇ ಹೋದೆ.

"ಭಾವ, ದರ್ಭೆ ಎತ್ತಿಡಿ. ಇವರು ಇದ್ದಾರೆ. ನನ್ನ ಲೆಕ್ಕ ತಿದ್ದಿ ಕಳಿಸಿದಾರೆ," ಅಂದರು.

ಕಿಟ್ಟಣ್ಣ ಅರ್ಧ ಕಟ್ಟಿದ ದರ್ಭೆಯ ಕಟ್ಟನ್ನು ಚಾಪೆಯ ಮೇಲಿಟ್ಟರು. ಸತ್ತರೆಂದುಕೊಂಡವರು ಬದುಕಿದ್ದಾರೆ ಎಂಬ ಸುದ್ದಿಯನ್ನು ನನ್ನ ನೌಕರಿಯಲ್ಲಿ ಕೆಲವು ಮನೆಗಳಿಗೆ ಒಯ್ದಿದ್ದೇನೆ. ಕೇಳಿದವರು ಮೊದಲು ಕೇಳುವುದು ಎಲ್ಲಿದ್ದಾರೆ ಅಂತ. ಕಿಟ್ಟಣ್ಣ ಅದನ್ನು ಕೇಳಲಿಲ್ಲ. ಅವರು ಹಾಳೆ ಈಸಿಕೊಂಡು ಆ ಐದನ್ನು ನೋಡಿದರು, ಕನ್ನಡಕ ತೆಗೆದು ಮಡಿಚಿದರು.

"ಏನನ್ನೂ ಕಳಿಸಬೇಡ ಅಂತ ಅವನಿಗೆ ಅಷ್ಟು ಹೇಳಿದ್ದೆ ಲೀಲಾ," ಅಂದರು.